ಬಲ, ದ್ರವ್ಯರಾಶಿ, ವೇಗೋತ್ಕರ್ಷ: ಒಂದು ಸೂತ್ರ ಬೆಳೆದು ಬಂದ ಬಗೆ

ಹಾಸನದ ಇಸ್ರೊ ಮುಖ್ಯ ನಿಯಂತ್ರಣ ಕೇಂದ್ರದಿಂದ ಉಪಗ್ರಹದ ಕಕ್ಷೆಯನ್ನು ಎತ್ತರಿಸಿದ ಸುದ್ದಿ ಆಗಾಗ ಬರುತ್ತದೆ. ಆ ಕೆಲಸ ಮಾಡುವ ಎಂಜಿನ್ನಿನ ಬಲ ಬರೀ 440 ನ್ಯೂಟನ್. 50 ಕಿಲೊದ ಕಾಫಿ ಮೂಟೆಯನ್ನು ನೆಲದಿಂದ ಎತ್ತಲೂ ಅದು ಸಾಲದು. 2020ರ ಜನವರಿಯಲ್ಲಿ ಹಾರಿದ ಜಿಸ್ಯಾಟ್-30ರ ದ್ರವ್ಯರಾಶಿಯೋ 3,357 ಕಿಲೊ. ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿ ನೋಡಿದರೆ, ಪ್ರತಿ ಸೆಕೆಂಡಿಗೂ ವೇಗದಲ್ಲಿ ಆಗುವ ಏರಿಕೆ, ಅಂದರೆ ವೇಗೋತ್ಕರ್ಷ, ಸೆಕೆಂಡಿಗೆ 13 ಸೆಂಟಿಮೀಟರ್. ಆದರೆ ಅಲ್ಲಿ ಗಳಿಸಿದ್ದನ್ನು ಕಿತ್ತುಕೊಳ್ಳಲು ಗಾಳಿಯಿಲ್ಲ. ಎಂಜಿನ್ ಒಂದು ಗಂಟೆ ಉರಿದರೆ ಗಳಿಕೆ ಸೆಕೆಂಡಿಗೆ 470 ಮೀಟರ್ ದಾಟುತ್ತದೆ. ಇಂಧನ ಕರಗಿದಂತೆ ದ್ರವ್ಯರಾಶಿ ಇಳಿಯುವುದರಿಂದ ಅದೇ ಬಲ ಇನ್ನಷ್ಟು ವೇಗೋತ್ಕರ್ಷ ಕೊಡುತ್ತದೆ.

ಬಲವು ವೇಗವನ್ನಲ್ಲ, ವೇಗದ ಬದಲಾವಣೆಯನ್ನು ತೀರ್ಮಾನಿಸುತ್ತದೆ ಎಂಬುದು ಸುಲಭಕ್ಕೆ ಹೊಳೆದದ್ದಲ್ಲ. ತಳ್ಳುವವರೆಗೆ ಮಾತ್ರ ಚಲನೆ ಎಂದು ಅರಿಸ್ಟಾಟಲ್ ನಂಬಿದ್ದ. ಆರನೆಯ ಶತಮಾನದ ಫಿಲೋಪೊನಸ್, ಹದಿನಾಲ್ಕನೆಯ ಶತಮಾನದ ಬುರಿಡಾನ್ ಎಂಬ ಚಿಂತಕರು ತಕರಾರು ಎತ್ತಿದರು. ಇಳಿಜಾರಿನಲ್ಲಿ ಗುಂಡು ಉರುಳಿಸಿ ಅಳೆದ ಗೆಲಿಲಿಯೊ, ಅದರ ವೇಗ ಒಂದೇ ಸಮನೆ ಏರುತ್ತ ಹೋಗುತ್ತದೆ ಎಂಬ ತನ್ನ ಫಲಿತಾಂಶವನ್ನು 1638ರಲ್ಲಿ ಪ್ರಕಟಿಸಿದ.

ಕಥೆಗೆ ರಂಗೇರುವುದು ಇಲ್ಲಿಂದ. ನಾವೆಲ್ಲ ಬಾಯಿಪಾಠ ಮಾಡಿದ ‘ಬಲ = ದ್ರವ್ಯರಾಶಿ × ವೇಗೋತ್ಕರ್ಷ’ ಎಂಬ ಸಮೀಕರಣವನ್ನು ನ್ಯೂಟನ್ನನ 1687ರ ಪುಸ್ತಕ ‘ಪ್ರಿನ್ಸಿಪಿಯಾ’ದಲ್ಲಿನ ಚಲನೆಯ ಎರಡನೆಯ ನಿಯಮದಲ್ಲಿ ಹುಡುಕಿದರೆ ಸಿಗುವುದಿಲ್ಲ. ಚಲನೆಯ ಬದಲಾವಣೆ ಹಾಕಿದ ಬಲಕ್ಕೆ ಅನುಪಾತದಲ್ಲಿದ್ದು ಬಲದ ದಿಕ್ಕಿನಲ್ಲೇ ಆಗುತ್ತದೆ ಎಂದಷ್ಟೇ ನ್ಯೂಟನ್ ಬರೆದ. ಚಲನೆಯನ್ನು ಅವನು ಅಳೆದದ್ದು ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧದಿಂದ, ಅಂದರೆ ಇಂದಿನ ಸಂವೇಗದಿಂದ. ಆ ವಾಕ್ಯದಲ್ಲಿ ಕಾಲದ ಪ್ರಸ್ತಾಪವೇ ಇಲ್ಲ. ಪುಸ್ತಕದ ತುಂಬ ರೇಖಾಗಣಿತ. 1716ರಲ್ಲಿ ಗಣಿತಜ್ಞ ಯಾಕೋಬ್ ಹರ್ಮನ್ ಆ ನಿಯಮವನ್ನು ಕಲನಶಾಸ್ತ್ರದ (ಕ್ಯಾಲ್ಕುಲಸ್) ರೂಪಕ್ಕೆ ತಂದ. 1750ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಮೂರು ದಿಕ್ಕಿಗೆ ಮೂರು ಸಮೀಕರಣಗಳನ್ನು ಬರೆದು, ಯಂತ್ರಶಾಸ್ತ್ರದ ‘ಹೊಸ ತತ್ವ’ವೆಂದೇ ಸಾರಿದ. ನ್ಯೂಟನ್ನನ ಪುಸ್ತಕ ಬಂದು ಆಗಲೇ 63 ವರ್ಷವಾಗಿತ್ತು!

ದ್ರವ್ಯರಾಶಿ ಎಂದರೇನು ಎಂಬ ಜಗಳವನ್ನು 1883ರಲ್ಲಿ ಆಸ್ಟ್ರಿಯಾದ ಭೌತವಿಜ್ಞಾನಿ ಮಾಖ್ ಮತ್ತೆ ಕೆದಕಿದ. ಬಲದ ಮಾನಕ್ಕೆ ನ್ಯೂಟನ್ ಎಂಬ ಹೆಸರು ಅಂತರರಾಷ್ಟ್ರೀಯವಾಗಿ ನಿಂತದ್ದು 1948ರಲ್ಲಿ.

ಇಷ್ಟೆಲ್ಲವನ್ನೂ ತರಗತಿಯಲ್ಲಿ ಒಂದು ಸಾಲಿಗೆ ಇಳಿಸಿ, ಎರಡು ಸಂಖ್ಯೆ ಕೊಟ್ಟು ಮೂರನೆಯದನ್ನು ಕೇಳುವುದು ವಾಡಿಕೆ. ಲೆಕ್ಕ ಸರಿಬರುತ್ತದೆ, ಅಂಕವೂ ಬರುತ್ತದೆ. ಬಲ ನಿಂತೊಡನೆ ವಸ್ತುವೂ ನಿಲ್ಲಬೇಕೆಂಬ ಅರಿಸ್ಟಾಟಲನ ನಂಬಿಕೆಯನ್ನು ಮಾತ್ರ ಇಂಥ ಲೆಕ್ಕ ಮುಟ್ಟುವುದಿಲ್ಲ. ಇನ್ನು, 1905ರಲ್ಲಿ ಐನ್‌ಸ್ಟೈನನ ಸಾಪೇಕ್ಷತಾ ಸಿದ್ಧಾಂತ ತೋರಿಸಿದಂತೆ, ಬೆಳಕಿನ ವೇಗದ ಆಸುಪಾಸಿನಲ್ಲಿ ಈ ಶಾಲಾ ಸೂತ್ರ ಕೈಕೊಡುತ್ತದೆ. ಸಂವೇಗದ ಬದಲಾವಣೆಯ ದರವೇ ಬಲ ಎಂಬ ರೂಪ ಮಾತ್ರ ಅಲ್ಲಿಯೂ ಸರಿಯಾಗಿಯೇ ಉಳಿಯುತ್ತದೆ.