ಲಿನಕ್ಸ್‌ನಲ್ಲಿ ಮೀಡಿಯಾ ಸೆಂಟರ್: ಅಷ್ಟೊಂದು ಕಷ್ಟ ಯಾಕಿತ್ತು?

ಸಿನಿಮಾ, ಹಾಡು, ಟಿವಿ ಎಲ್ಲವನ್ನೂ ಒಂದೇ ಕಡೆ ತೋರಿಸುವ ಸಾಫ್ಟ್‌ವೇರೇ ಮೀಡಿಯಾ ಸೆಂಟರ್. ಇವತ್ತು ಉಬುಂಟು ಅಥವಾ ಡೆಬಿಯನ್‌ನಂಥ ಲಿನಕ್ಸ್‌ನಲ್ಲಿ ಕೋಡಿ ಎಂಬ ಮೀಡಿಯಾ ಸೆಂಟರ್ ಹಾಕಿಕೊಳ್ಳಲು ಟರ್ಮಿನಲ್‌ನಲ್ಲಿ ಒಂದು ಸಾಲು ಟೈಪ್ ಮಾಡಿದರೆ ಸಾಕು. ಮೊದಲು ಹೀಗಿರಲಿಲ್ಲ.

2002ರಲ್ಲಿ ಐಸಾಕ್ ರಿಚರ್ಡ್ಸ್ ಮಿಥ್‌ಟಿವಿ ಎಂಬ ಸಾಫ್ಟ್‌ವೇರ್ ಶುರು ಮಾಡಿದರು. ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡುವುದೇ ಅದರ ಮುಖ್ಯ ಕೆಲಸ. ಅದಕ್ಕೆ ಟಿವಿ ಸಿಗ್ನಲ್ ಹಿಡಿಯುವ ಟ್ಯೂನರ್ ಕಾರ್ಡ್ ಬೇಕು, ಕಾರ್ಡಿಗೆ ಸರಿಯಾದ ಡ್ರೈವರ್ ಬೇಕು. ಮಾಹಿತಿ ಇಡಲು ಮೈಎಸ್‌ಕ್ಯೂಎಲ್, ರಿಮೋಟ್‌ಗೆ ಲಿರ್ಕ್. ಎಲ್ಲವನ್ನೂ ಬೇರೆ ಬೇರೆ ಹೊಂದಿಸಬೇಕಿತ್ತು. ಒಂದು ಕೈಕೊಟ್ಟರೂ ಟಿವಿ ಬರುತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ತೊಡಕು ಕಾನೂನಿನದು. ಡಿವಿಡಿಗಳಿಗೆ ಸಿಎಸ್‌ಎಸ್ ಅನ್ನೋ ಬೀಗ ಇತ್ತು. ಅದನ್ನು ಬಿಡಿಸುವ ಲಿಬ್‌ಡಿವಿಡಿಸಿಎಸ್‌ಎಸ್ ಅನ್ನು ಜೊತೆಗೇ ಕೊಡಲು ದೊಡ್ಡ ಡಿಸ್ಟ್ರೋಗಳು (ಉಬುಂಟುವಿನಂಥ ಲಿನಕ್ಸ್ ಆವೃತ್ತಿಗಳು) ಹಿಂಜರಿದವು. ಎಂಪಿ3 ಮೇಲೂ ಪೇಟೆಂಟ್ ಇತ್ತು. ಅದರ ಲೈಸೆನ್ಸ್ ವ್ಯವಹಾರ ಮುಗಿದಿದ್ದೇ 2017ರಲ್ಲಿ. ಹಾಗಾಗಿ ಸಾಫ್ಟ್‌ವೇರ್ ಹಾಕಿದರೂ ಹಾಡು ಕೇಳುತ್ತಿರಲಿಲ್ಲ, ಸಿನಿಮಾ ಓಡುತ್ತಿರಲಿಲ್ಲ. ಜನ ಲಿನಕ್ಸನ್ನೇ ಬೈದರು. ನನ್ನ ಪ್ರಕಾರ ಆ ಬೈಗುಳ ಸಲ್ಲಬೇಕಾದದ್ದು ಪೇಟೆಂಟ್ ಪದ್ಧತಿಗೆ. ಆ ಕಾಟ ಪೂರ್ತಿ ಮುಗಿದಿಲ್ಲ. ಫೆಡೋರಾ ಎಂಬ ಡಿಸ್ಟ್ರೋದಲ್ಲಿ ಎಚ್.265 ಮಾದರಿಯ ವಿಡಿಯೋ ಓಡಬೇಕಾದರೆ ಆರ್‌ಪಿಎಂ ಫ್ಯೂಷನ್‌ನಂಥ ಹೊರಗಿನ ಸಾಫ್ಟ್‌ವೇರ್ ಭಂಡಾರ ಸೇರಿಸಿಕೊಳ್ಳಬೇಕು.

ಕೋಡಿ ಹುಟ್ಟಿದ್ದು ಲಿನಕ್ಸ್‌ನಲ್ಲಲ್ಲ, ಎಕ್ಸ್‌ಬಾಕ್ಸ್ ಗೇಮ್ ಯಂತ್ರದಲ್ಲಿ. ಆಗ ಹೆಸರು ಎಕ್ಸ್‌ಬಿಎಂಸಿ. ಲಿನಕ್ಸ್‌ಗೆ ತರುವ ಕೆಲಸ 2007ರಲ್ಲಿ ಶುರುವಾಯಿತು, ಹೊಸ ಹೆಸರು 2014ರಲ್ಲಿ ಬಂತು. ಟ್ಯೂನರ್ ಇಲ್ಲದೆಯೂ, ಡಿಸ್ಕ್‌ನಲ್ಲಿರುವ ಫೈಲುಗಳನ್ನೇ ಚೆಂದವಾಗಿ ಜೋಡಿಸಿ ತೋರಿಸುತ್ತಿತ್ತು. ಅರ್ಧ ಕಷ್ಟ ಅಲ್ಲೇ ಕಳೆಯಿತು.

ಆಮೇಲೆ ಮನೆಯ ಒಂದು ಕಂಪ್ಯೂಟರ್‌ನಿಂದ ಫೋನಿಗೂ ಟಿವಿಗೂ ವಿಡಿಯೋ ಕಳಿಸುವ ಸರ್ವರ್‌ಗಳು ಬಂದವು. ಅಂಥದ್ದೊಂದು ಎಂಬಿ (Emby). 2018ರಲ್ಲಿ ಅದು ತನ್ನ ಸರ್ವರ್‌ನ ಮೂಲ ಕೋಡ್ ಮುಚ್ಚಿತು. ಅದರ ಕೊನೆಯ ಮುಕ್ತ ಕೋಡ್ ಎತ್ತಿಕೊಂಡು ಸ್ವಯಂಸೇವಕರು ಜೆಲ್ಲಿಫಿನ್ ಕಟ್ಟಿದರು. ಸುಮ್ನೆ ಹಟಕ್ಕೆ ಮಾಡಿದ್ದಲ್ಲ ಅದು. ನಮ್ಮ ಮನೆಯ ಸಂಗ್ರಹಕ್ಕೆ ಬೇರೆಯವರ ಲೈಸೆನ್ಸ್ ಕೀಲಿ ಯಾಕೆ ಬೇಕು, ಅಲ್ವಾ?

ಈಗ ಹೊಸಬರು ಜಾಸ್ತಿ ಎಡವುವುದು ಅನುಮತಿಯಲ್ಲಿ. ಜೆಲ್ಲಿಫಿನ್ ಪ್ಯಾಕೇಜ್ ತನ್ನದೇ ಹೆಸರಿನ ಬೇರೆ ಬಳಕೆದಾರನಾಗಿ ಓಡುತ್ತದೆ. ನಿಮ್ಮ ಹೋಮ್ ಫೋಲ್ಡರ್ ಒಳಗೆ ಅದಕ್ಕೆ ಪ್ರವೇಶ ಇರದಿದ್ದರೆ ಲೈಬ್ರರಿ ಖಾಲಿ ಕಾಣುತ್ತದೆ. ಸಿನಿಮಾಗಳನ್ನು ಹೋಮ್‌ನ ಹೊರಗೆ ಬೇರೆ ಫೋಲ್ಡರ್‌ನಲ್ಲಿ ಇಟ್ಟು, ಓದುವ ಅನುಮತಿ ಕೊಡಿ. ವಿಡಿಯೋ ಪರಿವರ್ತನೆಗೆ ಇಂಟೆಲ್ ಅಥವಾ ಎಎಂಡಿ ಗ್ರಾಫಿಕ್ಸ್ ಬಳಸುವುದಾದರೆ ಆ ಬಳಕೆದಾರನನ್ನು ರೆಂಡರ್ (render) ಗುಂಪಿಗೆ, ಅಂದರೆ ಗ್ರಾಫಿಕ್ಸ್ ಬಳಸಲು ಅನುಮತಿ ಇರುವ ಗುಂಪಿಗೆ ಸೇರಿಸಿ, ಸರ್ವರ್ ಮತ್ತೆ ಚಾಲೂ ಮಾಡಿ.