ಹುಲ್ಲಿನ ಹೊರೆಯೂ ಲಿಗ್ನಿನ್ನಿನ ಲೆಕ್ಕವೂ

ಶಿರಸಿಯ ಅಡಿಕೆ ಪೇಟೆಯಲ್ಲಿ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಎಂದು ವಿಂಗಡಿಸಿ ದರ ಕಟ್ಟುವ ನಾವು, ಕೊಟ್ಟಿಗೆಗೆ ಹುಲ್ಲು ಕೊಳ್ಳುವಾಗ ಮಾತ್ರ ‘ಹೊರೆಗೆ ಎಷ್ಟು?’ ಎಂಬ ಒಂದೇ ಪ್ರಶ್ನೆ ಕೇಳುತ್ತೇವೆ. ದಪ್ಪ ಹೊರೆ ಲಾಭದ್ದು, ಬಲಿತು ಹೊಂಬಣ್ಣಕ್ಕೆ ತಿರುಗಿದ ಬೆಟ್ಟದ ಕರಡ (ಒಣಹುಲ್ಲು) ಶ್ರೇಷ್ಠವಾದದ್ದು ಎಂಬ ಎರಡು ನಂಬಿಕೆಗಳೂ ತಪ್ಪು. ಅಡಿಕೆಯಂತೆ ಹುಲ್ಲಿಗೂ ಕೊಯ್ಲಿನ ಹದವೇ ದರ್ಜೆ.

ಹುಲ್ಲು ಬಲಿತಂತೆ ಅದರ ಜೀವಕೋಶಗಳ ಗೋಡೆಯಲ್ಲಿ ಲಿಗ್ನಿನ್ ಎಂಬ ಗಟ್ಟಿ ವಸ್ತು ತುಂಬಿಕೊಳ್ಳುತ್ತದೆ. ಆ ಗೋಡೆಯ ನಾರಾದ ಸೆಲ್ಯುಲೋಸನ್ನು ಕರಗಿಸಬಲ್ಲ ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಲಿಗ್ನಿನ್ನನ್ನು ಅರಗಿಸಲಾರವು. ಅದು ತನ್ನೊಂದಿಗೆ ಸೆಲ್ಯುಲೋಸನ್ನೂ ಬಿಗಿದಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಪಲ್ಯವಾಗುವ ಕಳಲೆ ಬಲಿತ ಮೇಲೆ ಏಣಿಯಾಗುವುದು ಇದರಿಂದಲೇ. ಎಳನೀರಿನ ಸಿಪ್ಪೆ ಕತ್ತಿಗೆ ಸುಲಭವಾಗಿ ಬಗ್ಗುತ್ತದೆ. ಬಲಿತ ಕಾಯಿಯ ನಾರಾದರೋ ಹಗ್ಗವಾಗಿ ಕಾರವಾರದ ಕಡಲ ನೀರಿನಲ್ಲಿಯೂ ಬಹುಕಾಲ ಕೊಳೆಯದೆ ಉಳಿಯುತ್ತದೆ. ಕಡಲಿಗೇ ಬಗ್ಗದ್ದು ಹಸುವಿನ ಹೊಟ್ಟೆಗೆ ಬಗ್ಗೀತೆ?

ಹುಲ್ಲಿನ ಈ ಗಟ್ಟಿತನವನ್ನು ಅಳೆಯುವ ದಾರಿಯನ್ನು 1960ರ ದಶಕದಲ್ಲಿ ಅಮೆರಿಕದ ಪಶು ಆಹಾರ ವಿಜ್ಞಾನಿ ಪೀಟರ್ ವ್ಯಾನ್ ಸೋಸ್ಟ್ ತೋರಿಸಿದರು. ಹುಲ್ಲಿನ ಪುಡಿಯನ್ನು ಡಿಟರ್ಜೆಂಟ್ ದ್ರಾವಣದಲ್ಲಿ ಕುದಿಸಿದರೆ ಜೀವಕೋಶದ ಒಳಗಿನ ಸಾರವೆಲ್ಲ ಕರಗಿ ಗೋಡೆಯಷ್ಟೇ ಉಳಿಯುತ್ತದೆ. ಆಮ್ಲ ಬೆರೆಸಿದ ಡಿಟರ್ಜೆಂಟಿನಲ್ಲಿ ಕುದಿಸಿದರೆ ಮುಖ್ಯವಾಗಿ ಸೆಲ್ಯುಲೋಸ್ ಮತ್ತು ಲಿಗ್ನಿನ್ ಉಳಿಯುತ್ತವೆ. ಹೀಗೆ ಉಳಿದದ್ದನ್ನು ಶೇಕಡಾ ಲೆಕ್ಕದಲ್ಲಿ ಹಿಡಿದರೆ, ದನ ಎಷ್ಟು ತಿಂದೀತು ಎಂಬುದನ್ನು ಮೊದಲ ಅಂಕಿಯೂ ಎಷ್ಟು ಅರಗೀತು ಎಂಬುದನ್ನು ಎರಡನೆಯದೂ ಹೇಳುತ್ತವೆ. ಪೂರ್ತಿ ಹೂಬಿಟ್ಟ ಕುದುರೆ ಮಸಾಲೆ (ಲೂಸರ್ನ್) ಹುಲ್ಲಿನಲ್ಲಿ ಇವು ಶೇಕಡಾ 53 ಮತ್ತು 41 ಎಂದು ಹಿಡಿದು, ಅದನ್ನು 100 ಎಂದು ಎಣಿಸಿ ಅಮೆರಿಕದಲ್ಲಿ ದರ್ಜೆ ಕಟ್ಟುತ್ತಾರೆ. ಉಳಿಯುವ ನಾರು ಕಡಿಮೆಯಾದಷ್ಟೂ ಈ ಎಣಿಕೆ ಏರುತ್ತದೆ. ಅಲ್ಲಿ 185 ದಾಟಿದ ಹುಲ್ಲಿಗೆ ಅತ್ಯುನ್ನತ ದರ್ಜೆ, 130ಕ್ಕಿಂತ ಕೆಳಗಿನದು ಕಡೆಯ ದರ್ಜೆ.

ನಮಗೆ ಅಂಗೈಯೇ ಪ್ರಯೋಗಾಲಯ. ಒಂದು ಹಿಡಿ ಕರಡವನ್ನು ಹಿಂಡಿದಾಗ ಎಲೆ ಹೆಚ್ಚಿದ್ದರೆ ಅದು ಮೆತ್ತಗೆ ಮಡಚಿಕೊಳ್ಳುತ್ತದೆ; ತೆನೆ ಬಿಟ್ಟ ದಂಟು ಚುಚ್ಚುತ್ತದೆ, ಗಿಣ್ಣಿನಲ್ಲಿ ಚಟ್ಟನೆ ಮುರಿಯುತ್ತದೆ. ಕೊಡವಿದಾಗ ಬೂಷ್ಟಿನ ಧೂಳೆದ್ದರೆ ಆ ಹೊರೆಯನ್ನು ಯಾವ ದರಕ್ಕೂ ಕೊಳ್ಳಬಾರದು.

ನಮ್ಮ ರೈತರು ತಡವಾಗಿ ಕೊಯ್ಯುವುದು ಅಜ್ಞಾನದಿಂದಲ್ಲ. ಹುಲ್ಲು ಎಳೆಯದಾಗಿರುವಾಗ ಘಟ್ಟದಲ್ಲಿ ಮಳೆ, ಒಣಗಿಸಲು ಬಿಸಿಲಿಲ್ಲ. ಬಿಸಿಲು ಬರುವ ಹೊತ್ತಿಗೆ ಹುಲ್ಲು ತೆನೆ ಬಿಟ್ಟಿರುತ್ತದೆ. ಗಾಳಿಯಾಡದಂತೆ ಒತ್ತಿ ತುಂಬಿ ಹುಳಿ ಬರಿಸುವ ರಸಮೇವಿಗೆ ಅಷ್ಟು ಬಿಸಿಲು ಬೇಡ. ಮಳೆ ಹೊಳವಾದ ಒಂದೆರಡು ದಿನಗಳಲ್ಲಿ ಕೊಯ್ದು, ನೀರಿನ ಪಸೆ ಆರಿಸಿ ತುಂಬಿದರೆ ಎಳೆಯ ಹುಲ್ಲಿನ ಸಾರ ಬೇಸಿಗೆಯವರೆಗೂ ಉಳಿಯುತ್ತದೆ.