ಲಿಂಕನ್ ಎದುರು ಕತ್ತಿ ಹಿಡಿದು ನಿಂತ ಜೇಮ್ಸ್ ಶೀಲ್ಡ್ಸ್

ಅಬ್ರಹಾಂ ಲಿಂಕನ್ ಒಮ್ಮೆ ಕತ್ತಿ ಹಿಡಿದು ದ್ವಂದ್ವಯುದ್ಧಕ್ಕೆ ನಿಂತಿದ್ದ. ಈ ಕತೆ ಕೆಲವರಿಗಾದರೂ ಗೊತ್ತಿರುತ್ತದೆ. ಎದುರಿಗೆ ನಿಂತವನು ಯಾರು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಅವನೇ ಜೇಮ್ಸ್ ಶೀಲ್ಡ್ಸ್, ಅಮೆರಿಕದ ಸೆನೆಟ್‌ನಲ್ಲಿ ಮೂರು ರಾಜ್ಯಗಳ ಪರವಾಗಿ ಕೂತ ಒಬ್ಬನೇ ಒಬ್ಬ.

ಹುಟ್ಟಿದ್ದು ಐರ್ಲೆಂಡಿನ ಟೈರೋನ್ ಕೌಂಟಿಯಲ್ಲಿ. ಹರೆಯದಲ್ಲೇ ಅಮೆರಿಕಕ್ಕೆ ಬಂದು ಇಲಿನಾಯ್‌ನಲ್ಲಿ ವಕೀಲನಾದ. 1841ರಲ್ಲಿ ಆ ರಾಜ್ಯದ ಆಡಿಟರ್ ಆದ. ಜಗಳ ಹುಟ್ಟಿದ್ದು ಅಲ್ಲೇ, ಅದೂ ದುಡ್ಡಿನ ವಿಷಯಕ್ಕೆ. 1842ರಲ್ಲಿ ಅಲ್ಲಿನ ಸ್ಟೇಟ್ ಬ್ಯಾಂಕ್ ಮುಳುಗಿತು. ಅದರ ನೋಟನ್ನು ಮುಖಬೆಲೆಗೆ ಯಾರೂ ಮುಟ್ಟುತ್ತಿರಲಿಲ್ಲ. ತೆರಿಗೆಗೆ ಆ ನೋಟು ನಡೆಯುವುದಿಲ್ಲ, ಬೆಳ್ಳಿ ಬಂಗಾರವೇ ಬೇಕು ಅಂತ ಆದೇಶ ಹೊರಟಿತು. ಆದೇಶದಲ್ಲಿ ಶೀಲ್ಡ್ಸ್ ಹೆಸರಿತ್ತು. ಬೆಳೆ ಮಾರಿ ಅದೇ ನೋಟು ಎಣಿಸಿಕೊಂಡ ರೈತ ಏನು ಮಾಡಬೇಕು?

ವಿರೋಧ ಪಕ್ಷದ ಲಿಂಕನ್‌ಗೆ ಇಷ್ಟು ಸಾಕಾಯಿತು. 'ರೆಬೆಕಾ' ಅನ್ನೋ ಹಳ್ಳಿ ಹೆಂಗಸಿನ ಹೆಸರಲ್ಲಿ ಪತ್ರಿಕೆಗೆ ಕಾಗದ ಬರೆದು ಶೀಲ್ಡ್ಸ್‌ನ ಮಾನ ಹರಾಜು ಹಾಕಿದ. ಆದೇಶವನ್ನಷ್ಟೇ ಅಲ್ಲ, ಹೆಣ್ಣುಮಕ್ಕಳ ಮುಂದೆ ಅವನು ಬೀಗುವ ರೀತಿಯನ್ನೂ ಆಡಿಕೊಂಡ. ಆಮೇಲೆ ಮೇರಿ ಟಾಡ್ ಮತ್ತು ಅವಳ ಗೆಳತಿ ಜೂಲಿಯಾ ಜೇನ್ ಕೂಡ ಅದೇ ಧಾಟಿಯಲ್ಲಿ ಇನ್ನೊಂದು ಬರೆದರು. ಸಿಟ್ಟಾದ ಶೀಲ್ಡ್ಸ್ ಸವಾಲು ಹಾಕಿದ. ನನ್ನ ಕೇಳಿದರೆ ಆ ಸಿಟ್ಟು ನ್ಯಾಯವಾದದ್ದೇ.

ಸವಾಲು ಹಾಕಿಸಿಕೊಂಡವನು ಆಯುಧ ಆರಿಸಬೇಕು. ಲಿಂಕನ್ ಆರಿಸಿದ್ದು ಕುದುರೆ ಸವಾರರ ಅಗಲದ ಕತ್ತಿ. ನಡುವೆ ಒಂದು ಹಲಗೆ ನಿಲ್ಲಿಸಬೇಕು, ಯಾರೂ ಅದನ್ನು ದಾಟಬಾರದು. ಲಿಂಕನ್ 6 ಅಡಿ 4 ಇಂಚು, ಶೀಲ್ಡ್ಸ್ ಅವನಿಗಿಂತ ಎಷ್ಟೋ ಕುಳ್ಳ. ಲೆಕ್ಕ ಗೊತ್ತಾಯ್ತು ಅಲ್ವಾ? ಸೆಪ್ಟೆಂಬರ್ 22ರಂದು ಆಲ್ಟನ್ ಹತ್ತಿರ ಮಿಸಿಸಿಪ್ಪಿ ನದಿಯ ನಡುಗಡ್ಡೆಯಲ್ಲಿ ಎಲ್ಲರೂ ಸೇರಿದರು. ಲಿಂಕನ್ ಸುಮ್ನೆ ಕೈ ಚಾಚಿ ತಲೆ ಮೇಲಿದ್ದ ವಿಲೋ ಮರದ ರೆಂಬೆ ಕತ್ತರಿಸಿದನಂತೆ. ಕೊನೆಗೆ ಗೆಳೆಯರು ನಡುವೆ ಬಂದು ರಾಜಿ ಮಾಡಿಸಿದರು. ಆರು ವಾರಕ್ಕೆ ಮೇರಿ ಟಾಡ್ ಲಿಂಕನ್‌ನ ಹೆಂಡತಿಯಾದಳು.

ಶೀಲ್ಡ್ಸ್ ಮೆಕ್ಸಿಕೋ ಯುದ್ಧಕ್ಕೆ ಹೋದ. 1847ರಲ್ಲಿ ಸೆರೊ ಗೋರ್ಡೊದಲ್ಲಿ ಗುಂಡು ಎದೆಯನ್ನೇ ತೂರಿ ಹೊರಬಂತು, ಆದರೂ ಬದುಕಿದ. ಗಾಯ ಹೊತ್ತ ಜನರಲ್‌ನನ್ನು ಇಲಿನಾಯ್ 1849ರಲ್ಲಿ ಸೆನೆಟ್‌ಗೆ ಕಳಿಸಿತು. ಆಗ ಸೆನೆಟರ್‌ಗಳನ್ನು ಆರಿಸುತ್ತಿದ್ದದ್ದು ಶಾಸಕರು, ನಮ್ಮ ರಾಜ್ಯಸಭೆಯ ಹಾಗೆ. ಹೋಗಿ ಕೂತರೆ ತಕರಾರು: ಸೆನೆಟರ್ ಆಗಲು ಪೌರನಾಗಿ ಒಂಬತ್ತು ವರ್ಷ ಆಗಿರಬೇಕು, ಶೀಲ್ಡ್ಸ್ ಪೌರನಾದದ್ದು 1840ರ ಅಕ್ಟೋಬರ್‌ನಲ್ಲಿ. ಕೆಲವೇ ತಿಂಗಳು ಕಮ್ಮಿ! ಆಯ್ಕೆ ರದ್ದಾಯಿತು. ಅಕ್ಟೋಬರ್ ಕಳೆಯಿತು, ಇಲಿನಾಯ್ ಮತ್ತೆ ಅವನನ್ನೇ ಆರಿಸಿ ಕಳಿಸಿತು.

1855ರಲ್ಲಿ ಆ ಸ್ಥಾನ ಕೈತಪ್ಪಿತು. ಅದಕ್ಕೆ ಲಿಂಕನ್ ಕೂಡ ಹಾತೊರೆಯುತ್ತಿದ್ದ. ತನಗೆ ಸಿಗುವುದಿಲ್ಲ ಅಂತ ಗೊತ್ತಾದ ಮೇಲೆ ತನ್ನವರ ವೋಟನ್ನು ಲೈಮನ್ ಟ್ರಂಬುಲ್‌ಗೆ ಹಾಕಿಸಿದ. ಈ ಟ್ರಂಬುಲ್‌ನ ಹೆಂಡತಿ ಯಾರು ಗೊತ್ತಾ? ಅದೇ ಜೂಲಿಯಾ ಜೇನ್.

ಶೀಲ್ಡ್ಸ್ ಮಿನೆಸೋಟಾಕ್ಕೆ ಹೋದ. 1858ರಲ್ಲಿ ಅದು ರಾಜ್ಯವಾದಾಗ ಅಲ್ಲಿಂದ ಸೆನೆಟರ್ ಆದ. ಇಬ್ಬರು ಹೊಸ ಸೆನೆಟರ್‌ಗಳ ಅವಧಿಯನ್ನು ಚೀಟಿ ಎತ್ತಿ ತೀರ್ಮಾನಿಸಿದರು, ಗಿಡ್ಡ ಅವಧಿ ಇವನ ಪಾಲಿಗೆ ಬಂತು. ವರ್ಷ ತುಂಬುವ ಮೊದಲೇ ಮನೆಗೆ. ಅಲ್ಲಿಂದ ಕ್ಯಾಲಿಫೋರ್ನಿಯಾ. ಅಂತರ್ಯುದ್ಧ ಶುರುವಾದಾಗ ಅವನನ್ನು ಬ್ರಿಗೇಡಿಯರ್ ಜನರಲ್ ಮಾಡಿದ ಅಧ್ಯಕ್ಷ ಲಿಂಕನ್ನೇ. 1862ರ ಮಾರ್ಚ್‌ನಲ್ಲಿ ಕರ್ನ್ಸ್‌ಟೌನ್‌ನಲ್ಲಿ ಅವನ ಸೈನ್ಯ ದಕ್ಷಿಣದ ಬಂಡುಕೋರರ ಹೆಸರಾಂತ ಜನರಲ್ ಸ್ಟೋನ್‌ವಾಲ್ ಜಾಕ್ಸನ್‌ನನ್ನೇ ಸೋಲಿಸಿತು. ಆದರೆ ಹಿಂದಿನ ದಿನವೇ ಶೆಲ್ ಚೂರು ಬಡಿದು ಕೈ ಮುರಿದುಕೊಂಡಿದ್ದ ಶೀಲ್ಡ್ಸ್ ರಣರಂಗದಲ್ಲಿ ಇರಲಿಲ್ಲ, ಕಾದಾಡಿಸಿದ್ದು ಕರ್ನಲ್ ಕಿಂಬಲ್. ಜೂನ್‌ನಲ್ಲಿ ಪೋರ್ಟ್ ರಿಪಬ್ಲಿಕ್‌ನಲ್ಲಿ ಜಾಕ್ಸನ್ ಲೆಕ್ಕ ಚುಕ್ತಾ ಮಾಡಿದ.

ಕೊನೆಗೆ ಮಿಸೌರಿ. 1879ರಲ್ಲಿ ಅಲ್ಲಿಂದ ಸೆನೆಟರ್ ಆದ, ಮೊದಲೇ ಸತ್ತಿದ್ದ ಸೆನೆಟರ್ ಒಬ್ಬರ ಉಳಿದ ಅವಧಿಗೆ, ಬರೀ ಐದು ವಾರ. ಅದೇ ಜೂನ್ 1ರಂದು ಭಾಷಣಕ್ಕೆಂದು ಹೋಗಿದ್ದ ಶೀಲ್ಡ್ಸ್ ಅಯೋವಾದ ಒಟಮ್ವಾದಲ್ಲಿ ತೀರಿಕೊಂಡ. ಮಿಸೌರಿಯ ಕ್ಯಾರಲ್ಟನ್‌ನಲ್ಲಿರುವ ಅವನ ಗೋರಿಗೆ 1910ರ ತನಕ ಸ್ಮಾರಕವೇ ಇರಲಿಲ್ಲ. ವಾಷಿಂಗ್ಟನ್‌ನ ಕ್ಯಾಪಿಟಲ್‌ನಲ್ಲಿ ಮಾತ್ರ 1893ರಲ್ಲೇ ಇಲಿನಾಯ್ ಅವನ ಪ್ರತಿಮೆ ನಿಲ್ಲಿಸಿತ್ತು. ಅದನ್ನು ಮಾಡಿದ ಶಿಲ್ಪಿ ಲೆನರ್ಡ್ ವೋಕ್, 1860ರಲ್ಲಿ ಲಿಂಕನ್‌ನ ಮುಖಕ್ಕೆ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದಿದ್ದವನು.